ಗಂಟೆಗಿಷ್ಟು

ಖೋನ್ ಕೇನ್ ಆಸ್ಪತ್ರೆ, ಆರನೆಯ ಮಹಡಿ.
ಮೀನುಗಾರ ತೊಂಗ್‌ದಮ್‌ನ ಲಿವರಿನ ಬಲಭಾಗ
ನಿನ್ನೆ ಮಧ್ಯಾಹ್ನವೇ ಹೋಯಿತು.
ಹೊಲಿಗೆ ಒಣಗಿದೆ. ಎಲ್ಲ ಸರಿ, ಅಂದಿದ್ದರು ಸರ್ಜನ್
ಕಾರಿನ ಕೀ ಹುಡುಕುತ್ತ.

ನರ್ಸ್ ವಿಲೈವನ್ ಮಾತ್ರ
ಮಂಚದ ಪಕ್ಕ ಮಂಡಿಯೂರಿ
ಚೀಲದ ಗೆರೆ ಓದುತ್ತಾಳೆ:
ಹತ್ತಕ್ಕೆ ನಲವತ್ತು. ಹನ್ನೊಂದಕ್ಕೆ ಹದಿನೆಂಟು.
ಹನ್ನೆರಡಕ್ಕೆ, ಕಡುಚಹಾದ ಬಣ್ಣದ
ಆರೇ ಆರು.

ಬೆಂಕಿ ಬಿದ್ದದ್ದು ಆ ಮನೆಗೆ,
ಬತ್ತಿದ್ದು ಪಕ್ಕದ ಮನೆಯ ಬಾವಿ.

ಹೆಂಡತಿ ಕೇಳುತ್ತಾಳೆ: ಕಿಡ್ನಿಯೇನು ಮಾಡಿತ್ತು?
ಹಸಿಮೀನು ತಿಂದವನು ಇವನು.

ವಿಲೈವನ್ ಫೋನೆತ್ತುತ್ತಾಳೆ.
ಮೂವತ್ತು ವರ್ಷ ನದಿಯ ಮಟ್ಟ ನೋಡಿ ಬಲೆ ಬೀಸಿದವ
ಅರೆಗಣ್ಣು ತೆರೆದು ಕೇಳುತ್ತಾನೆ:
ನೀರು ಎಷ್ಟಿದೆ, ಮಗಳೇ?

ಬರುತ್ತೆ, ಅನ್ನುತ್ತಾಳೆ.
ಆ ತುದಿಯಲ್ಲಿ
ರಿಂಗಾಗುತ್ತಲೇ ಇದೆ.