ಇಪ್ಪತ್ನಾಲ್ಕು

ಸತತ ಹದಿನೈದು ದಿನ ಬಾರದಿದ್ದರೆ ಹೆಸರು ತೆಗೆಯಿರಿ:
ಪ್ರಿನ್ಸಿಪಾಲರ ಸುತ್ತೋಲೆ, ಕೆಳಗೆ ಹಸಿರು ಸಹಿ.
ಚಿತ್ತಾಪುರದ ಬಿಸಿಲಿಗೆ ಬೋರ್ಡಿನ ಮೇಲೇ ಅದು ಹಳದಿಯಾಯಿತು.

ಬಿ.ಎ. ಮೊದಲ ವರ್ಷ. ಒಂಬತ್ತು ಕೆಂಪು ಗೆರೆ ಎಳೆದೆ.
ತಿಂಗಳ ಕೊನೆಗೆ ಕೂಡಿಸಿದರೆ
ಹಾಜರಿ ನೂರಕ್ಕೆ ತೊಂಬತ್ತೊಂದು!
ಬಾರದವರನ್ನು ಕಳೆದ ಮೇಲೆ ಉಳಿಯುವುದು ಬಂದವರೇ;
ಈ ಲೆಕ್ಕಕ್ಕೆ ಸಭೆಯಲ್ಲಿ ನನಗೆ ಚಪ್ಪಾಳೆ.

ಇಪ್ಪತ್ನಾಲ್ಕು ಸಾಬಣ್ಣನದು.
ಶಹಾಬಾದಿನಲ್ಲಿ ಫರಸಿ ಪಾಲಿಶ್, ರಾತ್ರಿಪಾಳಿ
ಮುಗಿಸಿ ಸೀದಾ ಬರುತ್ತಿದ್ದ,
ಹುಬ್ಬಿನ ಮೇಲೆ ಕಲ್ಲಿನ ಹಿಟ್ಟು.
'ನಿದ್ದಿ ಮಾಡ್ಲಾಕ ಬರ್ತಿಯೇನೋ?' ಅಂದಿದ್ದೆ ಒಂದು ದಿನ.
ಎಲ್ಲರೂ ನಕ್ಕರು. ಅವನೂ.
'ಕಿವಿ ಎಚ್ಚರ ಅದಾವ್ರಿ ಸರ್.'
ಮರುದಿನದಿಂದ ಎಣಿಸಿದರೆ
ಸರಿಯಾಗಿ ಹದಿನೈದು.

ಅವನ ಬೆಂಚನ್ನು ಜವಾನ ಒರೆಸಿದ್ದಾನೆ,
ಗೀರಿನ ಸಂದಿಯಲ್ಲಿ ಬಿಳಿ ಹಾಗೇ ಇದೆ.

ಈಗಲೂ ಕೂಗುತ್ತೇನೆ, ಇಪ್ಪತ್ತೆರಡು, ಇಪ್ಪತ್ಮೂರು,
ನೇರ ಇಪ್ಪತ್ತೈದು.
ಸಮ್ರೀನ್ ತಟ್ಟನೆ ಉತ್ತರಿಸುವುದಿಲ್ಲ.
ತನಗಿಂತ ಮೊದಲಿನವ ಹೇಳಿ ಮುಗಿಸಲಿ ಎಂಬಂತೆ
ಒಂದುಸಿರು ತಡೆಯುತ್ತಾಳೆ.
ನಾನೂ ತಲೆ ಎತ್ತುವುದಿಲ್ಲ.
ಆಮೇಲೆ,
ಸಣ್ಣಗೆ,
'ಹಾಜರ್ರಿ.'