ದಕ್ಕೆಯ ಕಲ್ಲು

ಆಗಸ್ಟ್ ಹತ್ತರ ಹೊತ್ತಿಗೆ ನಗರಸಭೆಯ ಸ್ಟೋರಿನಿಂದ
ಅರ್ಧ ಲೀಟರ್ ಕರಿ ಬಣ್ಣ, ಒಂದಿಂಚಿನ ಬ್ರಶ್ಶು,
ಒರೆಸಲು ಹಳೆ ಬನಿಯನ್ನಿನ ಚೂರು.
ಹದಿನೈದಕ್ಕೆ ಸಾಹೇಬರು ಹೂವಿಡಲು ಬರುತ್ತಾರೆ.
ಅಷ್ಟರೊಳಗೆ ಅಕ್ಷರ ಕಾಣಬೇಕು.

ಕಲ್ಲಿನಲ್ಲಿ ಮೂರು ಭಾಷೆ.
ಇಂಗ್ಲಿಷು ಆಳ, ಬೆರಳ ತುದಿ ಮುಳುಗುವಷ್ಟು.
ಕೆಳಗೆ ಮರಾಠಿ, ಅದರರ್ಧ ಆಳ; ಮುಂಬೈ ಸರಕಾರದ ಕಾಲ.
ಕನ್ನಡ ಕೆತ್ತಿದ್ದಲ್ಲ, ಬರೆದದ್ದು.
ರಾಜ್ಯ ಒಂದಾದ ವರ್ಷ ಯಾರೋ ಮಾಸ್ತರರು
ಸ್ಟೂಲು ಹಾಕಿ ನಿಂತು ಬರೆದರಂತೆ.
ಪ್ರತಿ ಮಳೆಗೂ ಅದು ತೊಳೆದುಹೋಗುತ್ತದೆ,
ಪ್ರತಿ ಆಗಸ್ಟಿಗೂ ನಾನು ಮತ್ತೆ.
ಹೀಗೆ ಇಪ್ಪತ್ತೆರಡು ಸಲ.
ಉಳಿದೆರಡರ ತೋಡಿನಲ್ಲಿ ಬ್ರಶ್ಶು ತಾನೇ ತೇಲಿಕೊಂಡು ಹೋಗುತ್ತದೆ.
ಕನ್ನಡಕ್ಕೆ ಉಸಿರು ಹಿಡಿಯಬೇಕು:

ಈ ಊರಿಂದ ಮಹಾಯುದ್ಧಕ್ಕೆ ಹೋದವರು ಹತ್ತೊಂಬತ್ತು ಜನ.
ಪ್ರಾಣ ಕೊಟ್ಟವರು ಐವರು.

ಅಷ್ಟೇ. ಹೆಸರಿಲ್ಲ.
ಬುಟ್ಟಿ ಎಣಿಸಿದ ಹಾಗೆ ಲೆಕ್ಕ.

ಮೇಲೆ, ಹಣೆಯ ಜಾಗದಲ್ಲಿ, ಅಡ್ಡಡ್ಡ ಎರಡು ಬಂದೂಕು.
ನಕ್ಷೆ ಬೆಳಗಾವಿಯಿಂದ ಟಪಾಲಿನಲ್ಲಿ ಬಂತು.
ಕೆತ್ತಿದವನು ಇಲ್ಲಿಯವ, ಫೊಂಡು ಮೇಸ್ತ,
ತುಳಸಿಕಟ್ಟೆ, ಒರಳು, ಶಿಲುಬೆ ಮಾಡಿದ ಕೈ;
ಬಂದೂಕನ್ನು ಹತ್ತಿರದಿಂದ ಕಂಡವನಲ್ಲ.
ನಳಿಗೆ ಸಣ್ಣಗೆ ಎಳೆದ, ಹಿಡಿ ಅಗಲವಾಯಿತು,
ಸರಿಮಾಡಲು ಹೋಗಿ ಇನ್ನೂ ಅಗಲವಾಯಿತು.
ಕಚೇರಿಯವರು ಬಂದೂಕೆಂದೇ ಸಹಿ ಹಾಕಿದರು.
ದಕ್ಕೆಯವರು ನೋಡಿ ನಕ್ಕರು:
ಸತ್ತವರ ಕಲ್ಲಿನ ಮೇಲೆ ಎರಡು ಹುಟ್ಟು.

ತಪ್ಪೇನಿಲ್ಲ ಬಿಡಿ. ಹೋದವರು ಸಿಪಾಯಿಗಳಲ್ಲ.
ದೋಣಿ ಬಲ್ಲವರು ಬೇಕು ಎಂದು ಡಂಗುರ ಹೊಡೆಸಿ
ಹರಿಕಂತ್ರರ, ಖಾರ್ವಿಗಳ, ದಾಲ್ದಿಗಳ ಕೇರಿಗಳಿಂದ
ಹಡಗು ಹತ್ತಿಸಿದ್ದು, ಬಸ್ರಾಕ್ಕೆ.
ಅಲ್ಲಿಯೂ ಹೊಳೆಯೇ ಅಂತೆ. ನೀರು ಕೆಸರಿನ ಬಣ್ಣ,
ದಡದಲ್ಲಿ ತೆಂಗಿನ ಬದಲು ಖರ್ಜೂರ.
ಹೋಗುವಾಗ ದೋಣಿ ತುಂಬ ಮದ್ದುಗುಂಡು,
ಬರುವಾಗ ನೀರು ನೀರು ಎನ್ನುವವರು.

ತಿರುಗಿ ಬಂದ ಹದಿನಾಲ್ವರಲ್ಲಿ ಒಬ್ಬ ಪುರ್ಸು ತಾಂಡೇಲ.
ಕಾಳಿ ಹೊಳೆಗೆ ತಾರಿ ಹಾಕಿದ:
ಈ ದಡ, ಸದಾಶಿವಗಡ, ಈ ದಡ. ತಲೆಗೊಂದು ದುಗ್ಗಾಣಿ.
ಕಲ್ಲು ಆಗ ದಕ್ಕೆಯ ತುದಿಗೇ ಇತ್ತು,
ಅದರ ಕಂಬಕ್ಕೇ ದೋಣಿ ಕಟ್ಟಿದ.
ಸರಕಾರದ ಕಲ್ಲೋ ಇದು, ಎಂದು ಫೌಜದಾರ ಬೈದರೆ,
ಹೌದು ಸಾಹೇಬ, ನಾನೂ ಸರಕಾರದವನೇ ಆಗಿದ್ದೆ ಅಂದನಂತೆ.

ದೋಣಿ ನಿಲ್ಲಲು ಮೂರು ಸುತ್ತು ಸಾಕು.
ಅವನದು ಐದು.
ಸುತ್ತಿಗೊಂದು ಹೆಸರು, ಬೀಡಿಯ ಸಂದಿಯಿಂದ:
ಧಾಕು. ಇನಾಸ. ಹಸನ್ ಸಾಬಿಯ ತಮ್ಮ. ಮಂಕಾಳಿ.
ಐದನೆಯದು ಶೇವಂತಿ ಬಾಯಿಗೆ ಮರೆತಿತ್ತು;
ಮೀನಿನ ಬುಟ್ಟಿ ಹಿಡಿದು ತಾರಿಯಲ್ಲಿ ಕೂತು
ದಿನಾ ಕೇಳಿದವಳು ಅವಳೊಬ್ಬಳೇ ಉಳಿದಿದ್ದಳು, ನನಗೆ ಹೇಳಿದವಳು.
ಬಾಯಿಗೆ ಬಂತು, ಬಂತು ಎನ್ನುತ್ತ ಎಲೆಗೆ ಸುಣ್ಣ ಹಚ್ಚಿದಳು.

ಸೇತುವೆ ಬಂದಾಗ ದಕ್ಕೆ ಸತ್ತಿತು, ಕಲ್ಲು ರಸ್ತೆಯ ಬದಿಗೆ ಬಂತು.
ರಸ್ತೆ ನಾಲ್ಕು ಪಥವಾದಾಗ ಜೆಸಿಬಿ ಎತ್ತಿ ತಂದು
ಮೀನು ಮಾರ್ಕೆಟ್ಟಿನ ಹಿಂದೆ, ಶೌಚಾಲಯದ ಎದುರು.
ಈಗ ಅದರ ಮುಖ ಹೊಳೆಯ ಕಡೆಗಿಲ್ಲ.
ಹಳೆ ಸೇತುವೆ ಮಧ್ಯರಾತ್ರಿ ಹೊಳೆಗೆ ಕುಸಿದ ವರ್ಷವೂ
ಒಂದು ವಾರದೊಳಗೆ ಬಣ್ಣ ಬಳಿದೆ.
ಆ ಸಲ ಪ್ರಾಣದ ಣ ಸ್ವಲ್ಪ ಸೊಟ್ಟ.

ಮೊನ್ನೆ ಹೊಸ ಇಂಜಿನಿಯರು ಬಗ್ಗಿ ನೋಡಿದರು:
ಚಿರೆಕಲ್ಲಿನ ಕಂಬಕ್ಕೆ ಇದೇನು ಸವೆತ?
ಸಿಮೆಂಟು ತುಂಬಿಸಿ, ಮೇಲೆ ಟೈಲ್ಸು ಬರುತ್ತದೆ,
ಸುತ್ತ ಸ್ಟೀಲಿನ ಸರಪಳಿ, ಎಸ್ಟಿಮೇಟ್ ಆಗಿದೆ.
ಆಯಿತು ಸರ್, ಅಂದೆ.

ಮಾರ್ಕೆಟ್ಟು ಮುಚ್ಚಿದ ಮೇಲೆ ಕೂತು ಬೆರಳಾಡಿಸಿದೆ.
ನಾಲ್ಕು ಗೀರು ಸ್ಪಷ್ಟ. ಒಳಗೆ ನುಣುಪು,
ದಿನಾ ಕೈ ಹೋದ ಬಾವಿಕಟ್ಟೆಯ ಹಾಗೆ.
ಐದನೆಯದು ಇದೆಯೋ, ಇಲ್ಲವೋ.
ಕಲ್ಲೇ ಹಾಗಿರಬಹುದು.

ಸಿಮೆಂಟು ಚೀಲ ಬಂದಿದೆ.
ಮಾರ್ಕೆಟ್ಟಿನ ತಗಡು ಎಲ್ಲಿ ಸೋರುತ್ತದೆಂದು
ನನಗೆ ಗೊತ್ತು.
ಅಲ್ಲೇ ಇಟ್ಟಿದ್ದೇನೆ.