ಹಿಡಿ

ಅಪ್ಪನ ಕೈ ಮೊರದಗಲ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಪಿಳ್ಳಾಂಜಿನಪ್ಪ ಎತ್ತಿದ ಒಂದು ಹಿಡಿ ಗೂಡು
ಉಳಿದ ರೀಲರುಗಳಿಗೆ ಎರಡು ಹಿಡಿ.
ಆ ಕೈಯ ಅಳತೆಗೇ ಹೊಯ್ದಂತಿತ್ತು ಈ ರಿವಾಲ್ವರು.
ನಗದು ತುಂಬಿದ ಬಟ್ಟೆಚೀಲ, ಬೆಳಗಿನ ಜಾವ, ಲೂನಾ ಗಾಡಿ,
ಸೊಂಟದಲ್ಲಿ ಇದು.
ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೂಗಲಿಲ್ಲ.

ಹನ್ನೊಂದು ತಿಂಗಳು ಅಲೆದ ಮೇಲೆ
ಲೈಸೆನ್ಸು ನನ್ನ ಹೆಸರಿಗೆ ಬಂತು.
ಕೈ ಬರಲಿಲ್ಲ.
ಬಿಸಿನೀರಿನ ಬಾಣಲೆಯಲ್ಲಿ ಎಳೆ ಹುಡುಕಿ ಹುಡುಕಿ
ತುದಿ ನೆನೆದು ಬಿಳಿಚಿದ ಸಣ್ಣ ಬೆರಳು ನನ್ನವು.
ಹಿಡಿದರೆ ಕಿರುಬೆರಳು ಗಾಳಿಯಲ್ಲಿ;
ಕುದುರೆಯತ್ತ ಚಾಚಿದ ಹೆಬ್ಬೆರಳು
ಅಟ್ಟದ ಡಬ್ಬಿಗೆ ತುದಿಗಾಲಲ್ಲಿ ನಿಂತ ಮಗು.

"ಮಾರಾಕು," ಅಂದ ಮಾವ ವೆಂಕಟರೋಣಪ್ಪ,
"ಈಗ ದುಡ್ಡೆಲ್ಲ ಫೋನಲ್ಲೇ ಹೋಗುತ್ತೆ,
ಏನು ಕಾಯ್ತೀಯ ಇದನ್ನ ಇಟ್ಕೊಂಡು?"
ನಿಜವೇ.
ಆದರೂ ಬೆಂಗಳೂರಿನ ಬಂದೂಕಿನಂಗಡಿಯಿಂದ
ಕಾಗದದಲ್ಲಿ ಸುತ್ತಿದ ಹಿತ್ತಾಳೆಯ ಚೌಕಟ್ಟು
ಬುತ್ತಿಡಬ್ಬಿಯ ಪಕ್ಕ ಕೂತು ನನ್ನ ಜೊತೆ ಬಸ್ಸಿನಲ್ಲಿ ಬಂತು.

ಭಾನುವಾರ. ಯಂತ್ರಗಳಿಗೆ ರಜೆ.
ಗುಂಡಿಲ್ಲವೆಂದು ಮೂರು ಸಲ ನೋಡಿದೆ:
ಆರು ಕೋಣೆ, ಆರು ತುಂಡು ಬೆಳಕು.
ಐದು ಸ್ಕ್ರೂ. ನಾಲ್ಕು ಮಾತು ಕೇಳಿದವು.
ಐದನೆಯದಕ್ಕೆ ಅಪ್ಪನ ಹಠ.
ಒಂದು ಹನಿ ಎಣ್ಣೆ, ಒಂದು ರಾತ್ರಿ, ಒಂದು ಬೈಗುಳ,
ತಿರುಗಿತು. ತಿರುಗಿದ್ದೇ
ಅಕ್ಕಿಕಾಳಿನಷ್ಟು ಸ್ಪ್ರಿಂಗೊಂದು ಟಿಣ್ಣೆಂದು
ನಲವತ್ತು ಕೇಜಿ ಗೂಡಿನ ರಾಶಿಗೆ ಹಾರಿತು.

ಮೂರು ದಿನ ಗೂಡು ಬೇಯಿಸಿದೆವು.
ಬಾಣಲೆಯ ತಳದಲ್ಲಿ, ಸತ್ತ ಹುಳಗಳ ನಡುವೆ
ಖುರ್ಷಿದಾಳ ಜಾಲರಿಗೆ ಸಿಕ್ಕಿತು.
"ಅಕ್ಕಾ, ಈ ಹುಳ ನೂಲೇ ಬಿಡ್ತಿಲ್ಲ," ಅಂದಳು.

ಹೊಸ ಚೌಕಟ್ಟು ಕೂರಲಿಲ್ಲ. ಕೂದಲೆಳೆಯ ಸಂದು.
ಎಳೆಯ ಲೆಕ್ಕ ನನಗೆ ಹೇಳಿಕೊಡಬೇಕೆ?
ಮಸಿ ಹಚ್ಚಿ ಕೂರಿಸು, ತೆಗೆ,
ಮಸಿ ಅಂಟಿದಲ್ಲಿ ಮಾತ್ರ ಅರ ಆಡಿಸು, ಮತ್ತೆ ಕೂರಿಸು.
ಮಡಿಲ ತುಂಬ ಹಿತ್ತಾಳೆಯ ಹೊಟ್ಟು.
ಹೆಚ್ಚು ಉಜ್ಜಿದರೆ ವಾಪಸು ಹಾಕಲಾಗದು,
ಕಡಿಮೆ ಉಜ್ಜಿದರೆ ಅದು ಒಪ್ಪದು.
ಅಪ್ಪನ ಜೊತೆ ಮಾತಾಡುವಾಗಲೂ ಇಷ್ಟೇ ಕಷ್ಟವಿತ್ತು.

ಬದುವಿನ ಮೇಲೆ ಯಾರೂ ಸವರದೆ ಬಿಟ್ಟ
ಹಿಪ್ಪುನೇರಳೆ ಮರವಾಗಿಬಿಟ್ಟಿತ್ತು.
ಗಾಳಿಗೆ ಮುರಿದ ಕೊಂಬೆ ಇನ್ನೇನು ಸೌದೆ.
ಬಚ್ಚಣ್ಣಾಚಾರಿ ಸೀಳಿಕೊಟ್ಟ. ಒಳಗೆ
ಹಣ್ಣಾಗಿ ಚಂದ್ರಿಕೆಗೆ ಬಿಡುವ ಹುಳದ ಹಳದಿ.
ಕೆತ್ತಿದೆ, ಹಿಡಿದೆ, ಕೆತ್ತಿದೆ.
ಉಪ್ಪುಕಾಗದ. ಕೊಬ್ಬರಿ ಎಣ್ಣೆ.
ಕೊನೆಗೆ ಕಿರುಬೆರಳಿಗೂ ಕೂರಲು ಜಾಗ ಸಿಕ್ಕಿತು.

ಈಗ ಹೆಬ್ಬೆರಳು ಕುದುರೆ ಎಳೆಯುತ್ತದೆ.
ಟಿಕ್, ಟಿಕ್, ಟಿಕ್, ಟಕ್.
ಒಂದೊಂದು ಗುಂಡಿಗೂ ಹೊಸದಾಗಿ ಎಳೆಯಬೇಕು,
ಕೋಪ ಬಂದಷ್ಟು ಬೇಗ ಬರುವುದಲ್ಲ ಇದು.
"ನಾಲ್ಕು ಸದ್ದು ಇಟ್ಟವ್ರೆ ನೋಡು," ಅನ್ನುತ್ತಿದ್ದ ಅಪ್ಪ,
"ನಾಲ್ಕು ಸಲ ಯೋಚನೆ ಮಾಡ್ಲಿ ಅಂತ."
ಯೋಚಿಸುತ್ತೇನೆ.
ಹೆಬ್ಬೆರಳಲ್ಲೇ ತಡೆದು ಮೆಲ್ಲಗೆ ಇಳಿಸುತ್ತೇನೆ.

ಚುನಾವಣೆ ಬಂತು. ಪದ್ಧತಿಯಂತೆ ಠಾಣೆಗೊಪ್ಪಿಸಿದೆ.
ರೈಟರು ನಂಬರು ಓದಿದ, ಹಳೆಯ ಪುಸ್ತಕ ತಿರುಗಿಸಿದ, ತಲೆಯೆತ್ತಿದ.
"ಇದೇನಮ್ಮ, ಹಿಡಿ ಬೇರೆ?"
"ಕೈ ಬೇರೆ, ಸಾರ್."
ಬರೆದುಕೊಂಡ. ಏನು ಬರೆದನೋ.

ಎರಡು ತಿಂಗಳ ಮೇಲೆ ಚೀಟಿ ಕಟ್ಟಿ ವಾಪಸು ಕೊಟ್ಟರು.
ಮರದ ಹಳದಿ ಕಂದಿ ಬೆಲ್ಲದ ಬಣ್ಣ.

ಹಳೆಯ ಹಿಡಿ ಮೇಜಿನ ಮೇಲಿದೆ,
ಫ್ಯಾನಿಗೆ ಹಾರುವ ಹರಾಜಿನ ಚೀಟಿಗಳನ್ನು ಅದುಮಿಕೊಂಡು.
ಅದರ ಎಡಗೆನ್ನೆಯಲ್ಲಿ ಸವೆದ ಒಂದು ತಗ್ಗು.
ಚೀಟಿ ತೆಗೆಯಲು ಹೋದ ನನ್ನ ಹೆಬ್ಬೆರಳು
ಅದರೊಳಗೆ ಬಿದ್ದು,
ಬೇಕಾದ್ದಕ್ಕಿಂತ ಬಹಳ ದೊಡ್ಡದಾದ ಆ ಜಾಗದಲ್ಲಿ
ಸುಮ್ಮನಿರುತ್ತದೆ,
ಒಳಗೆ ಬಾಣಲೆ ಉಕ್ಕಿತೆಂದು ಖುರ್ಷಿದಾ ಕೂಗುವ ತನಕ.